ಅರಗು, ಬೆಲ್ಲ, ಜೇಡಿಮಣ್ಣು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು ಸಾಗಿದಲ್ಲಿ ಚನ್ನಪಟ್ಟಣವು ದೊರೆಯುವುದು. ಅಲ್ಲಿಯ ಬಣ್ಣದ ಮರದ ಬೊಂಬೆಯೊಂದಾದರೂ ಇಲ್ಲದ ಮನೆ ನಮ್ಮ ಸೀಮೆಯಲ್ಲಿ ವಿರಳ. ತೊಟ್ಟಿಲಿಗೆ ಕಟ್ಟುವ ಗಿಲಕಿಯೋ, ಹುಡುಗರ ಬುಗುರಿಯೋ, ನವರಾತ್ರಿಯ ಹಂತದ ಮೇಲೆ ನಿಲ್ಲುವ ಸಿಪಾಯಿಯೋ, ಯಾವುದಾದರೊಂದು ರೂಪದಿಂದ ಆ ಊರು ನಮ್ಮ ಮನೆಗಳೊಳಗೆ ಬಂದು ಕುಳಿತಿದೆ. ಆದರೆ ರಸ್ತೆಯ ಬದಿಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬೊಂಬೆ ಕೊಂಡವರೆಷ್ಟೋ ಮಂದಿ. ಅಂಗಡಿಯ ಹಿಂದಣ ಬೀದಿಗೆ ಹೋಗಿ, ಇದು ಮೊದಲು ಏನಾಗಿತ್ತು, ಹೀಗೇಕಾಯಿತು ಎಂದು ನೋಡಿದವರು ಕೆಲವರೇ. ಮಕ್ಕಳಿಗಂತೂ ಅಂಗಡಿಗಿಂತ ಆ ಬೀದಿಯೇ ಮಿಗಿಲಾದ ಸ್ಥಳವೆಂದು ನಮ್ಮ ಅಭಿಪ್ರಾಯ.

ದಸರೆಯ ರಜದಲ್ಲಿ ಐದರಿಂದ ಎಂಟು ವರ್ಷದೊಳಗಿನ ನಾಲ್ವರು ಮಕ್ಕಳನ್ನೂ ಮನೆಯ ಅಜ್ಜಿಯನ್ನೂ ಕರೆದುಕೊಂಡು ನಾವು ಅಲ್ಲಿಗೆ ಹೊರಟುದಕ್ಕೆ ಕಾರಣವುಂಟು. ಮಕ್ಕಳಲ್ಲಿ ಹಿರಿಯವನು ಘನ, ದ್ರವ, ಅನಿಲಗಳ ಲಕ್ಷಣವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲನು. ಘನವಸ್ತುವಿಗೆ ತನ್ನದೇ ಆದ ಆಕಾರವುಂಟೆಂದು ಅವನು ಗಟ್ಟಿಯಾಗಿ ಓದುತ್ತಿರುವಾಗ ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು. ಆರು ವರ್ಷದ ತಂಗಿಯು, "ಹಾಗಾದರೆ ಕಲಸಿದ ಹಿಟ್ಟು ಘನವೇನಣ್ಣ? ಅದು ಯಾರು ಹೇಳಿದ ಆಕಾರಕ್ಕೂ ಬರುತ್ತದಲ್ಲ?" ಎಂದು ಕೇಳಿದಳು. ಪುಸ್ತಕದಲ್ಲಿ ಹಿಟ್ಟಿನ ಸಂಗತಿ ಇಲ್ಲವೆಂದು ಅಣ್ಣನು ಸುಮ್ಮನಾದನು. ಇಂತಹ ಪ್ರಶ್ನೆಗೆ ಉತ್ತರವಾಗಲೆಂದು ಈಗ ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಣ್ಣಬಣ್ಣದ ಮೆತ್ತನೆಯ ಮುದ್ದೆಗಳನ್ನು ಮಾರುವರು. ಅವು ಕೆಟ್ಟವೆಂದು ನಾವು ಹೇಳೆವು. ಆದರೆ ಆ ಮುದ್ದೆಯು ಎಲ್ಲಿಂದ ಬಂತೆಂಬುದನ್ನು ಮಗು ಕಾಣದು. ಅದರಿಂದ ಮಾಡಿದ ವಸ್ತುವು ಸಂಜೆಗೆ ಮತ್ತೆ ಡಬ್ಬಿ ಸೇರುವುದೇ ಹೊರತು ಯಾರ ಕೆಲಸಕ್ಕೂ ಒದಗದು. ವಸ್ತುಗಳ ಆಕಾರವನ್ನು ಬದಲಿಸಿಯೇ ಅನ್ನ ಸಂಪಾದಿಸುವವರ ಬಳಿಗೆ ಮಕ್ಕಳನ್ನು ಒಯ್ದರೆ ಪಾಠವು ತಾನಾಗಿಯೇ ನಡೆದೀತೆಂದು ನಮಗೆ ತೋರಿತು.

ರೈಲುಗಾಡಿಯು ರಾಮನಗರವನ್ನು ದಾಟುವಾಗ ಅಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆಯ ವಿಷಯ ಹೇಳಿದೆವು. ಬಿಸಿನೀರಿನಲ್ಲಿ ಗೂಡಿನ ಅಂಟು ಸಡಿಲವಾಗಿ ಎಳೆಯು ಬಿಚ್ಚಿಕೊಳ್ಳುವುದೆಂದೂ, ಒಂದೇ ಗೂಡಿನ ಎಳೆ ಸಾವಿರ ಮೀಟರಿನಷ್ಟು ಉದ್ದವಿರಬಹುದೆಂದೂ ಹೇಳಿದುದನ್ನು ಹುಡುಗರು ನಂಬಲಿಲ್ಲ. ಕಣ್ಣಾರೆ ಕಾಣದುದನ್ನು ನಂಬದಿರುವುದು ಅವರ ಹಕ್ಕೇ ಆದುದರಿಂದ ನಾವೂ ಬಲಾತ್ಕರಿಸಲಿಲ್ಲ.

ಚನ್ನಪಟ್ಟಣದಲ್ಲಿ ನಮಗೆ ಕೆಲಸ ತೋರಿಸಿದವರು ವಯಸ್ಸಾದ ಒಬ್ಬ ಕುಶಲಿಗರು. ಮಕ್ಕಳು ಅವರನ್ನು ಮೊದಲ ಗಳಿಗೆಯಿಂದಲೇ ತಾತನೆಂದು ಕರೆದರು. ಮನೆಯ ಮುಂಭಾಗದ ಕೋಣೆಯೇ ಕಾರ್ಖಾನೆ. ಗೋಡೆಗೆ ಒರಗಿಸಿದ್ದ ತೊಗಟೆಸಹಿತವಾದ ಕೊರಡುಗಳು ಹಾಲೆಮರದವು. ಅಲ್ಲಿಯವರ ಬಾಯಲ್ಲಿ ಅದು ಆಲೆಮರ. ಕಡಿದಾಗ ಹಾಲು ಸುರಿಸುವ ಈ ಮರದ ತಿರುಳು ಆನೆಯ ದಂತದಂತೆ ಬೆಳ್ಳಗಿದ್ದು, ನಾರು ಬಲು ನಯವಾಗಿರುವುದು. ಹಸಿಯ ಮರವನ್ನು ಕಡೆದರೆ ಒಣಗುವಾಗ ಸೀಳುಬಿಡುವುದಾದಕಾರಣ, ಅದನ್ನು ಕೆಲವು ತಿಂಗಳ ಕಾಲ ಆರಲು ಬಿಟ್ಟು ಆಮೇಲೆ ತುಂಡರಿಸುವರು. "ಮರಕ್ಕೆ ಯಾರೂ ಏನೂ ಮಾಡದಿದ್ದರೂ ಅದು ಆಕಾರ ಬದಲಿಸುತ್ತದೆಯೇ?" ಎಂದು ಹಿರಿಯವನು ಕೇಳಿದನು. ಬದಲಿಸುತ್ತದೆ, ನೀರು ಹೋದಂತೆಲ್ಲ ಕುಗ್ಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಅಜ್ಜಿಯು ನೆನಪಿಗೆ ತಂದರು.

ಹಿಂದೆ ಬಿಲ್ಲಿನ ಹಗ್ಗವನ್ನು ಸುತ್ತಿ ಕೈಯಿಂದಲೇ ತಿರುಗಣೆಯನ್ನು ಆಡಿಸುತ್ತಿದ್ದರು. ಈಗ ಬಹುತೇಕ ಎಲ್ಲೆಡೆಯೂ ವಿದ್ಯುತ್ತಿನ ಮೋಟಾರು ಬಂದಿದೆ. ತಾತನು ಗೇಣುದ್ದದ ತುಂಡೊಂದನ್ನು ತಿರುಗಣೆಗೆ ಸಿಕ್ಕಿಸಿ ಉಳಿ ಹಿಡಿದುದೇ ತಡ, ಬಿಳಿಯ ಸುರುಳಿಗಳು ಹೂವಿನ ಮಳೆಯಂತೆ ಸುರಿದುವು. ಮೂಲೆಮೂಲೆಯಾಗಿದ್ದ ಕಟ್ಟಿಗೆಯು ಗುಂಡಗಾಯಿತು, ಕೊರಳು ಮೂಡಿತು, ಹೊಟ್ಟೆ ಉಬ್ಬಿತು. ಎರಡು ಮೂರು ನಿಮಿಷಗಳಲ್ಲಿ ಅದೊಂದು ಬುಗುರಿ. ಕಿರಿಯ ಹುಡುಗಿಯು ನೆಲದ ಮೇಲಿನ ಸುರುಳಿಗಳನ್ನೆಲ್ಲ ಬೊಗಸೆಯಲ್ಲಿ ತುಂಬಿಕೊಂಡು, ಇದನ್ನು ಮತ್ತೆ ಅಂಟಿಸಿದರೆ ಮೊದಲಿನ ಮರವಾಗುವುದೇ ಎಂದಳು. ತಾತನು ನಕ್ಕು, "ಉಳಿ ತಿಂದಿದ್ದು ವಾಪಸ್ ಬರಲ್ಲ ಕಣವ್ವ, ಅದಕ್ಕೇ ಎರಡು ಸಲ ಅಳೆಯೋದು" ಎಂದರು. ಹಿಟ್ಟನ್ನಾದರೋ ತಪ್ಪಾದರೆ ಮತ್ತೆ ಉಂಡೆಮಾಡಬಹುದು. ಮರದಲ್ಲಿ ಆ ಅವಕಾಶವಿಲ್ಲ. ಹುಡುಗಿಯು ಅದನ್ನು ಒಪ್ಪಲು ಮನಸ್ಸಿಲ್ಲದೆ ಸುರುಳಿಗಳನ್ನು ಅಂಗಿಯ ಜೇಬಿಗೆ ತುಂಬಿಕೊಂಡಳು.

ಇನ್ನು ಅರಗಿನ ವಿಷಯ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ರೆಂಬೆಗಳ ಮೇಲೆ ನೆಲೆಸಿ ರಸಹೀರುವ ಸಣ್ಣ ಕೀಟವೊಂದು ಮೈಯಿಂದ ಸೂಸುವ ಅಂಟೇ ಅರಗು. ನಮ್ಮ ದೇಶದಲ್ಲಿ ಜಾರ್ಖಂಡ, ಛತ್ತೀಸಗಢಗಳ ಕಾಡುಸೀಮೆಯಲ್ಲಿ ಇದನ್ನು ಹೆಚ್ಚಾಗಿ ಬೆಳೆಯುವರು. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಅದಕ್ಕೆ ಬಣ್ಣ ಸೇರಿಸಿ, ಎಳೆದು, ಮಡಿಸಿ, ಮತ್ತೆ ಎಳೆದು, ಬಣ್ಣವು ಒಂದೇ ಸಮನಾಗುವವರೆಗೂ ಹೀಗೆ ನಾದುವರು. ಬಳಿಕ ಕಡ್ಡಿಗಳಾಗಿ ಹೊಸೆಯುವರು. ನಮ್ಮ ಗೃಹಿಣಿಯರು ಇದನ್ನು ನೋಡಿದರೆ ಹೋಳಿಗೆಯ ಕಣಕದ ನೆನಪಾಗದಿರದು. ಆರಿದ ಕಡ್ಡಿಯಾದರೋ ಗಾಜಿನಂತೆ ಪೆಡಸು. ಬಗ್ಗಿಸಹೋದರೆ ಟಕ್ಕೆಂದು ಮುರಿಯುವುದು. ತಾತನು ಹಳದಿಯ ಕಡ್ಡಿಯೊಂದನ್ನು ಹುಡುಗನ ಕೈಗೆ ಕೊಟ್ಟು ಮುರಿಯಿಸಿ ತೋರಿಸಿದರು. ಅನಂತರ ಆ ತುಂಡನ್ನೇ ತಿರುಗುತ್ತಿರುವ ಬುಗುರಿಯ ಮೈಗೆ ಒತ್ತಿಹಿಡಿದರು. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜುವುದರಿಂದ ಹುಟ್ಟಿದ ಕಾವಿಗೇ ಅರಗು ಕರಗಿ, ಬುಗುರಿಯ ಸುತ್ತಲೂ ಹಳದಿಯ ಪಟ್ಟಿ ಹರಡಿತು. ತಾಳೆಯೋಲೆಯೆಂದು ಅಲ್ಲಿಯವರು ಕರೆಯುವ ಒಣಗರಿಯ ತುಂಡನ್ನು ಅದರ ಮೇಲಿಟ್ಟು ಒತ್ತಲು, ಬಣ್ಣವು ಎಲ್ಲೆಡೆಯೂ ಸಮನಾಗಿ ಕನ್ನಡಿಯ ಹೊಳಪು ಬಂತು. ಮಕ್ಕಳಿಂದ ಅಂಗೈಗಳನ್ನು ಉಜ್ಜಿಸಿ ಕೆನ್ನೆಗೆ ಇಟ್ಟುಕೊಳ್ಳಹೇಳಿದೆವು. ಆ ಕಾವೇ ಈ ಕಾವು, ಮರ ಬೇಗ ತಿರುಗುವುದರಿಂದ ಹೆಚ್ಚಾಗಿದೆ ಎಂದುದು ಐದು ವರ್ಷದವನಿಗೂ ತಿಳಿಯಿತು.

ಅಜ್ಜಿಯು ಈ ಸಮಯಕ್ಕೆ ಸರಿಯಾಗಿ ಪಾಂಡವರ ಅರಗಿನ ಮನೆಯ ಕಥೆಯನ್ನು ತೆಗೆದರು. ಕೆಲಸ ನಿಂತಿತು, ತಾತನೂ ಕೇಳುತ್ತ ಕುಳಿತರು. ಕಥೆ ಮುಗಿದಾಗ ಹಿರಿಯವನು, ಪುರೋಚನನು ಬೆಂಕಿಯಿಡುವವರೆಗೆ ಕಾಯುವುದೇಕೆ, ಬೇಸಗೆಯಲ್ಲಿ ಆ ಮನೆ ತಾನೇ ಕರಗಿ ಬಗ್ಗಬೇಕಾಗಿತ್ತಲ್ಲ ಎಂದು ಆಕ್ಷೇಪಿಸಿದನು. ಒಳ್ಳೆಯ ಆಕ್ಷೇಪವೇ ಸರಿ. ಅರಗು ಮೆತ್ತಗಾಗಲು 70-80 ಡಿಗ್ರಿಯಷ್ಟಾದರೂ ಶಾಖ ಬೇಕು; ನಮ್ಮ ಬಿಸಿಲಿನ ಗಾಳಿಯಲ್ಲಿ ಅಷ್ಟು ಕಾವಿಲ್ಲ. ತಾತನು ಇನ್ನೊಂದು ಮಾತು ಸೇರಿಸಿದರು: ಅರಗನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದೆಂದು ತಿಳಿಯಬಾರದು, ಬಹಳ ಹೊತ್ತು ಕಾಯಿಸುತ್ತಲೇ ಇದ್ದರೆ ಅದು ಬಿರುಸಾಗಿ ಮುಂದೆ ಕರಗುವ ಗುಣವನ್ನೇ ಕಳೆದುಕೊಳ್ಳುವುದು. ರಸಾಯನಶಾಸ್ತ್ರವು ಹೇಳುವುದೂ ಅದನ್ನೇ.

ಇಲ್ಲಿ ಭಾಷೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾವು ಕನ್ನಡಿಗರು ಬೆಂಕಿಯ ಮೇಲೆ ತುಪ್ಪ ಕರಗಿತು ಎನ್ನುವೆವು; ನೀರಿನಲ್ಲಿ ಉಪ್ಪು ಕರಗಿತು ಎಂದೂ ಅನ್ನುವೆವು. ಮಾತು ಒಂದೇ, ಆಗುವ ಕೆಲಸ ಎರಡು. ದೊಡ್ಡವರಿಗೆ ಇದರಿಂದ ತೊಡಕಿಲ್ಲ. ಎಳೆಯ ಮಕ್ಕಳಿಗೆ ಮಾತ್ರ ಇವೆರಡೂ ಒಂದೇ ಎಂದು ತೋರುವುದು. ಆದಕಾರಣ ಯಾವ ವಸ್ತು ಕೈಗೆ ಬಂದರೂ "ಇದು ಬೆಂಕಿಗೆ ಕರಗುವುದೋ, ನೀರಿಗೆ ಕರಗುವುದೋ?" ಎಂದು ಕೇಳುವ ಅಭ್ಯಾಸವನ್ನು ಅವರಿಗೆ ಹಿಡಿಸಿದೆವು. ತಾತನ ಮನೆಯವರು ಒಂದು ಲೋಟ ತಣ್ಣೀರನ್ನೂ ಒಂದು ಲೋಟ ಕುದಿನೀರನ್ನೂ ಕೊಟ್ಟರು. ತಣ್ಣೀರಿನಲ್ಲಿ ಅರಗು ಕಲ್ಲಿನಂತೆ ಬಿದ್ದಿತ್ತು. ಕುದಿನೀರಿನಲ್ಲಿ ಮೆತ್ತಗಾಯಿತು, ಆದರೆ ನೀರಿನೊಡನೆ ಬೆರೆಯಲಿಲ್ಲ. ಹಾಗಾದರೆ ಕರಗಿಸಿದುದು ನೀರಲ್ಲ, ನೀರಿನೊಳಗಿನ ಬಿಸಿಯೆಂದು ಎಂಟು ವರ್ಷದವನು ತಾನಾಗಿಯೇ ಹೇಳಿದನು. ಪುಸ್ತಕವನ್ನು ಒಪ್ಪಿಸುವಾಗ ಅವನ ಮುಖದಲ್ಲಿ ಆ ಬಗೆಯ ಕಳೆಯನ್ನು ನಾವು ಕಂಡಿರಲಿಲ್ಲ.

ಊರಿನ ಈಗಿನ ಸ್ಥಿತಿಯನ್ನು ಹೇಳದೆ ಮುಂದೆ ಹೋಗುವುದು ತರವಲ್ಲ. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು ಉದ್ಘಾಟನೆಯಾಯಿತು. ಅದು ಚನ್ನಪಟ್ಟಣವನ್ನು ಹೊಕ್ಕದೆ ಪಕ್ಕದಲ್ಲಿ ಹಾದುಹೋಗುವುದು. ಮೈಸೂರಿಗೆ ಹೋಗುವವರು ಬೇಗ ತಲುಪುವರು, ನಿಜ. ಆದರೆ ಕಾಫಿಗೆಂದು ನಿಂತವರು ಮಕ್ಕಳಿಗೊಂದು ಬೊಂಬೆ ಕೊಳ್ಳುತ್ತಿದ್ದ ವ್ಯಾಪಾರವು ಹಳೆಯ ರಸ್ತೆಯ ಅಂಗಡಿಗಳಿಗೆ ತಪ್ಪಿತು. ಅಂಗಡಿಗೆ ತಪ್ಪಿದುದು ಹಿಂದಣ ಬೀದಿಗೂ ತಪ್ಪಿತು. ತಾತನ ಇಬ್ಬರು ಮಕ್ಕಳೂ ಬೇರೆ ಉದ್ಯೋಗ ಹಿಡಿದಿದ್ದಾರೆ. ಅದನ್ನು ಅವರು ದೂರಿನಂತೆ ಹೇಳಲಿಲ್ಲ. ಉಳಿಯನ್ನು ಸಾಣೆಹಿಡಿಯುತ್ತ, ಹವೆಯ ವಿಷಯ ಹೇಳುವಂತೆ ಹೇಳಿದರು. ಮಕ್ಕಳನ್ನು ಕರೆದೊಯ್ಯುವವರಿಗೆ ನಮ್ಮ ಸೂಚನೆಯೇನೆಂದರೆ, ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಅರ್ಧ ದಿನ ಅವರ ಕೆಲಸ ನಿಲ್ಲಿಸಿದ್ದಕ್ಕೆ ಕೂಲಿಯೆಂದು ಲೆಕ್ಕಹಾಕಿ ಕೊಡಬೇಕು. ಬೊಂಬೆಯನ್ನು ಮಾಡಿದವರ ಕೈಯಿಂದಲೇ ಚೌಕಾಸಿಯಿಲ್ಲದೆ ಕೊಳ್ಳಬೇಕು.

ಚನ್ನಪಟ್ಟಣದಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿ ಮದ್ದೂರು. ವಡೆಯು ಎಣ್ಣೆಯಲ್ಲಿ ಬೆಂದಮೇಲೆ ಮತ್ತೆ ಹಿಟ್ಟಾಗುವುದೇ ಎಂಬ ಚರ್ಚೆ ರೈಲಿನಲ್ಲಿ ನಡೆಯಿತು. ವಡೆ ಮುಗಿದುದರಿಂದ ಚರ್ಚೆಯೂ ಮುಗಿಯಿತು.

ಮಂಡ್ಯದ ಸುತ್ತಣ ಹಳ್ಳಿಗಳಲ್ಲಿ ಆಲೆಮನೆಗಳನ್ನು ಹುಡುಕಬೇಕಾಗಿಲ್ಲ. ಗಾಳಿಯೇ ದಾರಿ ತೋರಿಸುವುದು. ಆಲೆಮರದಿಂದ ಬುಗುರಿಯಾದರೆ ಆಲೆಮನೆಯಲ್ಲಿ ಏನಾಗುವುದೆಂದು ಮಕ್ಕಳಿಗೆ ಒಂದು ಒಗಟು ಸಿಕ್ಕಿತು. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲು ಮಾಸಲು ಹಸಿರು ಬಣ್ಣದ ನೀರು. ಅದನ್ನು ಅಗಲವಾದ ಕೊಪ್ಪರಿಗೆಗೆ ತುಂಬಿ, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತಳ್ಳುತ್ತ ಕುದಿಸುವರು. ಸುಣ್ಣದ ತಿಳಿಯನ್ನು ಹಾಕಲು ಕಲ್ಮಷವು ಮೇಲಕ್ಕೆ ಬರುವುದು, ಅದನ್ನು ತೆಗೆದುಹಾಕುವರು. ನೀರು ಆವಿಯಾದಂತೆಲ್ಲ ನೊರೆಯ ಬಣ್ಣ ಹೊನ್ನಿಗೆ ತಿರುಗುವುದು, ಗುಳ್ಳೆಗಳು ದೊಡ್ಡವಾಗಿ ನಿಧಾನವಾಗಿ ಒಡೆಯುವುವು. ಈ ಹೊತ್ತಿಗೆ ಕೊಪ್ಪರಿಗೆಯ ಶಾಖವು 118 ಡಿಗ್ರಿಯ ಸುತ್ತಮುತ್ತ ಇರುವುದು, ಎಂದರೆ ಕುದಿಯುವ ನೀರಿಗಿಂತ ಹೆಚ್ಚು. ಒಂದು ತೊಟ್ಟು ಸಿಡಿದರೂ ಚರ್ಮಕ್ಕೆ ಅಂಟಿಕೊಂಡು ಸುಡುವುದು. ಆದುದರಿಂದ ಒಬ್ಬೊಬ್ಬ ದೊಡ್ಡವರು ಇಬ್ಬಿಬ್ಬರು ಮಕ್ಕಳ ಕೈಯನ್ನು ಭದ್ರವಾಗಿ ಹಿಡಿದು ಹತ್ತು ಮಾರು ದೂರದಲ್ಲೇ ನಿಂತಿದ್ದೆವು. ಪಾಠಕ್ಕೆಂದು ಒಲೆಯ ಬಳಿಗೆ ಮಕ್ಕಳನ್ನು ಬಿಡುವವರು ಪಾಠವನ್ನೇ ಅರಿಯದವರು.

ಹದ ನೋಡುವವನು ಕೊಪ್ಪರಿಗೆಯಿಂದ ಚೂರು ಪಾಕವನ್ನು ತಣ್ಣೀರಿನಲ್ಲಿ ಬಿಟ್ಟು, ಬೆರಳುಗಳಿಂದ ಉಂಡೆಕಟ್ಟಿ ನೋಡುತ್ತಿದ್ದನು. ಮೊದಲ ಬಾರಿ ಅದು ನೀರಿನಲ್ಲಿ ಹರಡಿಹೋಯಿತು. ಎರಡನೆಯ ಬಾರಿ ಬೆರಳಿಗಂಟಿತು. ಮೂರನೆಯ ಬಾರಿ ಗುಂಡಗಿನ ಉಂಡೆಯಾಯಿತು. ಚೆನ್ನಾಗಿ ಆರಿದ ಆ ಉಂಡೆಯನ್ನು ಮಕ್ಕಳಿಗೆ ಕೊಟ್ಟನು. ಅವರು ಅದನ್ನು ಚಪ್ಪಟೆ ಮಾಡಿ, ಉದ್ದ ಮಾಡಿ, ಕೊನೆಗೆ ಬಾಯಿಗೆ ಹಾಕಿಕೊಂಡರು. ಅಜ್ಜಿಗೆ ಇದೆಲ್ಲ ಹೊಸತಲ್ಲ. ಸಂಕ್ರಾಂತಿಗೆ ಸಕ್ಕರೆಯಚ್ಚು ಹೊಯ್ಯುವಾಗಲೂ ಪಾಕದ ಹದ ಒಂದು ಗಳಿಗೆ ಮುಂದಾದರೆ ಒಲೆಯ ಮೇಲೆಯೇ ಹರಳುಗಟ್ಟುವುದು, ಹಿಂದಾದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುವುದು ಎಂದು ಅವರು ಹದಗಾರನೊಡನೆ ಸಮಾನವಾಗಿ ಮಾತಿಗಿಳಿದರು. ಮರದ ಅಚ್ಚನ್ನು ಮುಂಚಿತವಾಗಿ ನೀರಿನಲ್ಲಿ ನೆನೆಹಾಕುವುದೇಕೆಂದು ಅವರು ವಿವರಿಸಿದಾಗ ಮಕ್ಕಳಿಗಿಂತ ನಾವೇ ಹೆಚ್ಚು ಗಮನವಿಟ್ಟು ಕೇಳಿದೆವು. ಒಣಗಿದ ಮರವು ಪಾಕವನ್ನು ಕಚ್ಚಿಕೊಳ್ಳುವುದು; ನೀರುಂಡ ಮರವು ಬಿಟ್ಟುಕೊಡುವುದು. ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಈ ಕೆಲಸವನ್ನು ನೋಡಲು ಮಕ್ಕಳನ್ನು ಕೂರಿಸಿಕೊಳ್ಳದೆ, ಕೈಗಡ್ಡ ಬರುವರೆಂದು ಹೊರಕ್ಕೆ ಅಟ್ಟುವುದು ನಮ್ಮಲ್ಲಿ ಬಹುಕಾಲದ ರೂಢಿ.

ನೂರು ಕಿಲೋ ಕಬ್ಬಿಗೆ ಹತ್ತು ಕಿಲೋದಷ್ಟು ಬೆಲ್ಲ ಬರುವುದು. ಅಚ್ಚಿಗೆ ಹೊಯ್ದರೆ ಅಚ್ಚುಬೆಲ್ಲ, ಕೈಯಲ್ಲಿ ಕಟ್ಟಿದರೆ ಉಂಡೆಬೆಲ್ಲ; ವಸ್ತು ಒಂದೇ. ನಮ್ಮ ಎರಡು ಪ್ರಶ್ನೆಗಳಿಗೆ ಬೆಲ್ಲವು ಅರಗಿನಂತೆ ಉತ್ತರ ಕೊಡಲಿಲ್ಲ. ಅದು ಬೆಂಕಿಗೂ ಕರಗುವುದು, ನೀರಿಗೂ ಕರಗುವುದು. ಮಳೆಗಾಲದಲ್ಲಿ ಡಬ್ಬಿಯೊಳಗೇ ಬೆವರುವುದು. ಆದರೆ ಎಷ್ಟು ನೀರು ಸೇರಿಸಿದರೂ ಪಾನಕವಾದೀತೇ ಹೊರತು ಕಬ್ಬಿನ ಹಾಲಾಗದೆಂಬುದನ್ನು ಮಕ್ಕಳು ನಾಲಗೆಯಿಂದಲೇ ಪರೀಕ್ಷಿಸಿದರು.

ಅದೇ ಹಳ್ಳಿಯ ಅಂಚಿನಲ್ಲಿ ಕುಂಬಾರರ ಮನೆಯೊಂದಿತ್ತು. ದೀಪಾವಳಿಯು ಹತ್ತಿರವಾದ್ದರಿಂದ ಅಂಗಳದ ತುಂಬ ಹಣತೆಗಳನ್ನು ಒಣಹಾಕಿದ್ದರು. ಕೆರೆಯ ಜೇಡಿಮಣ್ಣನ್ನು ತುಳಿದು ಹದಮಾಡಿದ್ದ ರಾಶಿಯಿಂದ ಮಕ್ಕಳಿಗೆ ಒಂದೊಂದು ಮುದ್ದೆ ಸಿಕ್ಕಿತು. ಸಮನಾದ ಎರಡು ಉಂಡೆಗಳನ್ನು ಕಟ್ಟಿ, ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಹಾವಿನಂತೆ ಹೊಸೆದು, ಯಾವುದರಲ್ಲಿ ಮಣ್ಣು ಹೆಚ್ಚೆಂದು ಕೇಳಿದೆವು. ಐದು ವರ್ಷದವನೂ ಆರು ವರ್ಷದವಳೂ ಹಾವಿನಲ್ಲೇ ಹೆಚ್ಚೆಂದರು. ಅಣ್ಣನು ನಗಲಾರಂಭಿಸಿದುದರಿಂದ ತಡೆಯಬೇಕಾಯಿತು. ಸ್ವಿಟ್ಸರ್ಲೆಂಡಿನ ಜಾನ್ ಪಿಯಾಜೆ (1896-1980) ಎಂಬ ವಿದ್ವಾಂಸರು ಮಣ್ಣಿನ ಉಂಡೆಗಳಿಂದಲೇ ಇಂತಹ ಪರೀಕ್ಷೆಗಳನ್ನು ಮಾಡಿ, ಸುಮಾರು ಏಳು ಎಂಟು ವರ್ಷದವರೆಗೆ ಮಕ್ಕಳಿಗೆ ಹೀಗೆ ತೋರುವುದು ಸಹಜವೆಂದು ಕಂಡುಕೊಂಡರು. ಆಕಾರ ಬದಲಾದರೂ ಮೊತ್ತ ಬದಲಾಗದೆಂಬ ತಿಳಿವಳಿಕೆಯು ಗದರಿಕೆಯಿಂದ ಬರುವಂಥದಲ್ಲ. ಜರ್ಮನಿಯ ಫ್ರೋಬೆಲ್ ಎಂಬವರು 1837ರಲ್ಲಿ ಬ್ಲಾಂಕೆನ್‌ಬರ್ಗಿನಲ್ಲಿ ಸಂಸ್ಥೆ ತೆರೆದು, ಮುಂದೆ ಶಿಶುವಿಹಾರವೆಂದು ಲೋಕಪ್ರಸಿದ್ಧವಾದ ಪದ್ಧತಿಯನ್ನು ಹಾಕಿಕೊಟ್ಟಾಗ, ಮಕ್ಕಳು ಮಾಡತಕ್ಕ ಕೈಗೆಲಸಗಳಲ್ಲಿ ಮಣ್ಣಿನ ಕೆಲಸವನ್ನೂ ಸೇರಿಸಿದುದು ಬುದ್ಧಿವಂತಿಕೆಯೇ ಸರಿ. ಹಾವನ್ನು ಮತ್ತೆ ಉಂಡೆಮಾಡಹೇಳಿದೆವು. ಹುಡುಗಿಯು ಉಂಡೆಮಾಡಿ, ಪಕ್ಕದ ಉಂಡೆಯೊಡನೆ ಹೋಲಿಸಿ, ಮತ್ತೆ ಹಾವುಮಾಡಿ, ಮತ್ತೆ ಉಂಡೆಮಾಡಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಬಳಿಕ ಕುಂಬಾರರು ಎರಡು ಹಣತೆಗಳನ್ನು ತಂದರು. ಒಂದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿದುದು. ಇನ್ನೊಂದು ಆವಗೆಯಲ್ಲಿ ಸುಟ್ಟುದು. ಎರಡನ್ನೂ ಒಂದೇ ಬೋಗುಣಿಯ ನೀರಿನಲ್ಲಿ ಮುಳುಗಿಸಿದರು. ಒಣಗಿದ ಹಣತೆಯಿಂದ ಗುಳ್ಳೆಗಳೆದ್ದುವು. ಅಂಚು ಉದುರಿತು, ತುಟಿ ಕುಸಿಯಿತು, ನಾವು ನೋಡುತ್ತಿದ್ದಂತೆಯೇ ಅದು ತಳದಲ್ಲಿ ಒಂದು ಹಿಡಿ ಕೆಸರಾಗಿ ಕುಳಿತುಕೊಂಡಿತು. ಗಣೇಶನನ್ನು ನೀರಿಗೆ ಬಿಟ್ಟಾಗ ಆಗುವುದೂ ಇದೇ ಎಂದು ಮಕ್ಕಳು ಕೂಗಿದರು; ಗಚ್ಚಿನ ಬಿಳಿಯ ಪುಡಿಯ ಗಣೇಶನು ಹೀಗೇಕೆ ಕರಗುವುದಿಲ್ಲವೆಂಬ ಪ್ರಶ್ನೆಯೂ ಬಂತು. ಸುಟ್ಟ ಹಣತೆಯಾದರೋ ನೀರನ್ನು ಸ್ವಲ್ಪ ಹೀರಿ ಕೆಂಪು ಗಾಢವಾದುದಲ್ಲದೆ ಇದ್ದಂತೆಯೇ ಇತ್ತು. ಸುಮಾರು 600 ಡಿಗ್ರಿಯನ್ನು ಮೀರಿದ ಬೆಂಕಿಯಲ್ಲಿ, ಮಣ್ಣಿನ ಕಣದೊಳಗೇ ಸೇರಿಕೊಂಡಿದ್ದ ನೀರಿನ ಅಂಶವು ಬಿಟ್ಟುಹೋಗಿ ಅದು ಬೇರೊಂದು ವಸ್ತುವೇ ಆಗಿಬಿಡುವುದು. ಅರಗನ್ನು ಮೆತ್ತಗೆ ಮಾಡಿದ ಬೆಂಕಿ ಮಣ್ಣನ್ನು ಗಟ್ಟಿಮಾಡಿತೆಂಬುದನ್ನು ಹಿರಿಯವನು ಬಹಳ ಹೊತ್ತು ಯೋಚಿಸುತ್ತ ಕುಳಿತನು.

ಹುಡುಗಿಗೆ ಮಾತ್ರ ಸಮಾಧಾನವಿಲ್ಲ. ಒಡೆದ ಮಡಕೆಯ ಬೋಕಿಯೊಂದನ್ನು ಆರಿಸಿತಂದು, "ಇದನ್ನು ಮತ್ತೆ ಮಣ್ಣುಮಾಡಿ ಕೊಡಿ ತಾತ" ಎಂದು ಕುಂಬಾರರ ಮುಂದೆ ಹಿಡಿದಳು. ಅವರು ಅದನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ಪುಡಿಮಾಡಿ, ನೀರು ಚಿಮುಕಿಸಿ, ಅವಳ ಕೈಗೇ ಕೊಟ್ಟರು. ಎಷ್ಟು ನಾದಿದರೂ ಪುಡಿಯು ಬೆರಳುಗಳ ಸಂದಿನಿಂದ ಮರಳಿನಂತೆ ಜಾರಿತು. ಹೊಸ ಮಣ್ಣಿಗೆ ಸ್ವಲ್ಪ ಬೆರೆಸಬಹುದು, ತಾನೇ ಮಣ್ಣಾಗಲಾರದು ಎಂದು ಅವರು ಹೇಳಿದುದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ಜೇಬಿನಿಂದ ಹಾಲೆಮರದ ಸುರುಳಿಗಳನ್ನು ತೆಗೆದು ಆ ಕೆಂಪು ಪುಡಿಯ ಪಕ್ಕದಲ್ಲಿ ಇಟ್ಟಳು. ಬೋಗುಣಿಯ ತಳದ ಕೆಸರನ್ನು ಕುಂಬಾರರು ಬಸಿದು, ರಾಶಿಯ ಮಣ್ಣಿನೊಡನೆ ಸೇರಿಸಿ ತಿಗರಿಯ ಮೇಲಿಟ್ಟು, ಹೆಬ್ಬೆರಳು ಒತ್ತಿ ಮತ್ತೊಂದು ಹಣತೆಯನ್ನು ಎತ್ತಿದರು.

ಹೊರಡುವಾಗ ಒಬ್ಬೊಬ್ಬರಿಗೆ ಒಂದೊಂದು ಹಣತೆಯನ್ನು ಆರಿಸಿಕೊಳ್ಳಹೇಳಿದರು. ಹುಡುಗರು ಮೂವರೂ ಸುಟ್ಟವನ್ನು ಆರಿಸಿಕೊಂಡರು. ಹುಡುಗಿಯು ಮಾತ್ರ ಸುಡದೆ ಬಿಸಿಲಿನಲ್ಲಿ ಒಣಗಿದ್ದೊಂದನ್ನು ಬೇಡಿ ತೆಗೆದುಕೊಂಡಳು. ಅದರಲ್ಲಿ ಎಣ್ಣೆ ನಿಲ್ಲದು ಎಂದರೂ ಕೇಳಲಿಲ್ಲ. ಮಂಡ್ಯದ ನಿಲ್ದಾಣದಲ್ಲಿ ಸಂಜೆಯ ಮಳೆ ಹನಿಯತೊಡಗಲು, ಅವಳು ಓಡಿಬಂದು ಅಜ್ಜಿಯ ಸೆರಗನ್ನು ಎತ್ತಿ ಹಣತೆಯನ್ನು ಅದರ ಕೆಳಗೆ ಹಿಡಿದುಕೊಂಡು, ಗಾಡಿ ಬರುವವರೆಗೂ ಅಲ್ಲಾಡದೆ ನಿಂತಿದ್ದಳು.